ಲಂಡನ್ ಮಣ್ಣಿನ ರುಚಿ

ಕೆಲವರ ಜೊತೆ ಬೀದಿ ತುದಿಯ ಅಂಗಡಿಗೆ ಹೋಗಿ ಬಂದರೂ ಮನೆಯಲ್ಲಿ ಹೇಳಲು ಒಂದು ಕಥೆ ಇರುತ್ತದೆ. ನನ್ನ ಪಾಲಿಗೆ ಅಂಥವರು ಬೀದರಿನ ಬಿದರಿ ಉಸ್ತಾದರು. ಅವರ ಜೊತೆ ಭಾಲ್ಕಿಗೆ ಹೋದಾಗ ಒಂದು ಆಯಿತು, ಔರಾದಿಗೆ ಹೋದಾಗ ಇನ್ನೊಂದು ಆಯಿತು. ಕೊನೆಗೆ ಹೈದರಾಬಾದ್ ಸರ್ಕಾರ ನಮ್ಮಿಬ್ಬರನ್ನೂ ಜೋಡಿ ಮಾಡಿ ಲಂಡನ್ನಿಗೇ ಕಳಿಸಿತು. ಅಲ್ಲೂ ಆಗದೆ ಬಿಡುತ್ತದೆಯೇ?

೧. ನಾಲಿಗೆಯ ತಕ್ಕಡಿ

ಮೊದಲು ಮಣ್ಣಿನ ವಿಷಯ ಹೇಳಿಬಿಡುತ್ತೇನೆ. ಬಿದರಿ ಸಾಮಾನು ಎಂದರೆ ಸತುವಿನ ಹೂಜಿ, ತಟ್ಟೆ, ಎಲೆ ಅಡಿಕೆಯ ಪಾನ್‌ದಾನ. ಅದರ ಮೈಮೇಲೆ ಹೂಬಳ್ಳಿ ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಅಷ್ಟಾದರೂ ಸಾಮಾನು ಬೂದು ಬೂದಾಗಿಯೇ ಇರುತ್ತದೆ. ಹೂ ಯಾವುದು, ಎಲೆ ಯಾವುದು ತಿಳಿಯುವುದಿಲ್ಲ. ಕಟ್ಟಕಡೆಗೆ ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ನೀರಿನಲ್ಲಿ ಕುದಿಸಿ, ಅದರಲ್ಲಿ ಅದ್ದಿ ತೆಗೆದರೆ ಸತುವೆಲ್ಲ ಕಾಡಿಗೆಯ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೈ ಜುಮ್ಮೆಂದಿದೆ.

ಆದರೆ ಕೈಗೆ ಸಿಕ್ಕ ಮಣ್ಣಿಗೆಲ್ಲ ಈ ಗುಣ ಇರುವುದಿಲ್ಲ. ತಲೆತಲಾಂತರದಿಂದ ಬಿಸಿಲು ಮಳೆ ಕಾಣದ ಕತ್ತಲೆ ಕೋಣೆಯ ಮಣ್ಣೇ ಬೇಕು. ಅದನ್ನು ಗುರುತಿಸುವುದು ಉಸ್ತಾದರ ನಾಲಿಗೆ. ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಆಮೇಲೆ ಉಗುಳಿ, ತೀರ್ಪು ಕೊಡುತ್ತಿದ್ದರು. ಕೋಟೆಯ ಒಳಕೋಣೆಯದು ಹದಿನಾರಾಣೆ. ಉಳಿದದ್ದೆಲ್ಲ ಅದಕ್ಕಿಂತ ಕಡಿಮೆ. ಭಾಲ್ಕಿ ಕೋಟೆಯ ಮಣ್ಣಿಗೆ ಒಮ್ಮೆ ಏಳಾಣೆ ಕೊಟ್ಟರು ಎಂದು ಅಲ್ಲಿಯ ಪೇಶ್ಕಾರರೊಬ್ಬರು ಎರಡು ವರ್ಷ ಅವರ ಜೊತೆ ಮಾತು ಬಿಟ್ಟಿದ್ದರು.

ಅಷ್ಟು ಕಷ್ಟಪಟ್ಟು ತಂದ ಹದಿನಾರಾಣೆ ಮಣ್ಣನ್ನು ಉಸ್ತಾದರು ಅಂಗಳದ ಮೂಲೆಯ ಮಡಕೆಯಲ್ಲಿ ಇಡುತ್ತಿದ್ದರು. ಅವರ ಬೀಬಿ, ನಾವೆಲ್ಲ ಚಾಚಿ ಎನ್ನುವವರು, ಅದೇ ಮಡಕೆಗೆ ಕೈ ಹಾಕಿ ಭಾಂಡೆ ತಿಕ್ಕುತ್ತಿದ್ದರು. ಮನೆಯೊಳಗೆ ಅವರದು ದಖನಿ ಉರ್ದು. ನಾನು ಹೋದರೆ ಮಾತ್ರ ಜಗಳ ನನಗೂ ತಿಳಿಯಲಿ ಎಂದು ಕನ್ನಡಕ್ಕೆ ಹೊರಳುತ್ತಿತ್ತು.

"ನೋಡು ಬೇಟಾ, ಬಾದಶಹರ ಮಹಲಿನ ಮಣ್ಣು ಅದು! ನಿಮ್ಮ ಚಾಚಿ ಅದರಲೆ ಹಾಲಿನ ಬೋಗಾಣಿ ತಿಕ್ಕತಾಳ!"

"ಬ್ಯಾರೆ ಮಣ್ಣಿಲೆ ತಿಕ್ಕಿದ್ರ ಹೊಳಪು ಬರಂಗಿಲ್ರಿ," ಅನ್ನುತ್ತಿದ್ದರು ಚಾಚಿ, ತಿಕ್ಕುವುದನ್ನು ನಿಲ್ಲಿಸದೆ. "ಮಹಲಿನ ಮಂದಿ ಸುದ್ದಾ ಹೊಳಿಯೋ ಬೋಗಾಣಿದಾಗೇ ಹಾಲು ಕುಡೀತಿದ್ರು."

ಮೂವತ್ತು ವರ್ಷದ ಜಗಳ ಅದು. ಚಾಚಿ ಸೋತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

೨. ಹೆಣ್ಣು ನೋಡುವ ಬಗೆ

ಔರಾದಿನಲ್ಲಿ ನನಗೆ ಹೆಣ್ಣು ನೋಡಲು ಹೋದಾಗ ಹಿರಿಯರೆಂದು ಉಸ್ತಾದರನ್ನೂ ಕರೆದೊಯ್ದಿದ್ದೆವು. ನಮ್ಮ ಅಪ್ಪ ಬೀದರ್ ಹತ್ತಿರದ ಬಗದಲ್ ಹಳ್ಳಿಯಲ್ಲಿ ಕುರಿ ಸಾಕುವವನು. ಉಸ್ತಾದರ ಮನೆಗೆ ಕಂಬಳಿ ಕೊಡುತ್ತ ಕೊಡುತ್ತ ಗೆಳೆಯನಾದವನು. ಹುಡುಗಿಯ ಮನೆ ಹಳೆಯ ವಾಡೆ, ಮಂದ ಗೋಡೆಗಳು. ಅವಲಕ್ಕಿ ತಟ್ಟೆ ಬಂತು, ಹುಡುಗಿ ಬಂದಳು, ಉಸ್ತಾದರೇ ಇಲ್ಲ!

ಹುಡುಕಿದರೆ ಒಳಗೆ ಜೋಳದ ಚೀಲ ಇಡುವ ಕತ್ತಲೆ ಕೋಣೆಯಲ್ಲಿ ಗೋಡೆಬುಡಕ್ಕೆ ಕುಕ್ಕರಗಾಲಲ್ಲಿ ಕೂತಿದ್ದರು. ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಉಸ್ತಾದರು ಎದ್ದು ಬಂದು, ಬಾಯಿ ಒರೆಸಿಕೊಂಡು, ಎಲ್ಲರ ಎದುರಿಗೆ ನನ್ನ ಅಪ್ಪನಿಗೆ ಹೇಳಿದರು:

"ಹದಿಮೂರಾಣಿ ಅದ. ಕಣ್ಣು ಮುಚ್ಚಿ ಹೂಂ ಅನ್ರಿ."

ನನ್ನ ಹೆಂಡತಿ ಇವತ್ತಿಗೂ ಆ ಮೂರಾಣೆ ಎಲ್ಲಿ ಕಡಿಮೆ ಬಿತ್ತು ಎಂದು ಕೇಳುತ್ತಾಳೆ.

೩. ಕುರಿದೊಡ್ಡಿಯ ಅತಿಥಿ

ಪೊಲೀಸ್ ಆ್ಯಕ್ಷನ್ ಆಗಿ, ಹೈದರಾಬಾದ್ ರಾಜ್ಯಕ್ಕೆ ಭಾರತದ ಸೈನ್ಯ ಬಂದ ದಿನಗಳು ನಗುವ ದಿನಗಳಾಗಿರಲಿಲ್ಲ. ಅದಕ್ಕೂ ಮುಂಚಿನ ಗದ್ದಲದಲ್ಲಿ ನನ್ನ ಅಪ್ಪ ಹತ್ತು ದಿನ ಉಸ್ತಾದರ ಒಳಕೋಣೆಯಲ್ಲಿ ಅಡಗಿ ಕೂತಿದ್ದ. ಆಮೇಲೆ ಗಾಳಿ ತಿರುಗಿ, ಮುಸಲ್ಮಾನರು ಅಡಗುವ ದಿನ ಬಂತು. ಈಗ ಅಪ್ಪ ಗಾಡಿ ಕಟ್ಟಿಕೊಂಡು ಬೀದರಿಗೆ ಹೋಗಿ, ಉಸ್ತಾದರನ್ನೂ ಚಾಚಿಯನ್ನೂ ಉಣ್ಣೆಯ ಗಂಟುಗಳ ಕೆಳಗೆ ಮಲಗಿಸಿ ಬಗದಲ್ಲಿಗೆ ತಂದ. ಅವ್ವ ಅವರನ್ನು ಕುರಿದೊಡ್ಡಿಯ ಹಿಂದಿನ ಕೋಣೆಯಲ್ಲಿಟ್ಟಳು. ಎಲ್ಲರ ಜೀವ ಕೈಯಲ್ಲಿತ್ತು.

ಮೂರನೆಯ ದಿನ ಅವ್ವ ರೊಟ್ಟಿ ಕೊಡಲು ಹೋದವಳು ಕಣ್ಣೀರು ಒರೆಸಿಕೊಳ್ಳುತ್ತ ಬಂದಳು. "ಪಾಪ, ಹೆದರಿ ತಲಿ ಕೆಟ್ಟದ ಅವರದು. ಮಣ್ಣು ತಿನ್ಲಾಕತ್ತಾರ. ಇನ್ನೆರಡು ರೊಟ್ಟಿ ಬಡಿತೇನಿ."

ನಾನು ಓಡಿದೆ. ಉಸ್ತಾದರು ಶಾಂತವಾಗಿ ಕೂತಿದ್ದರು.

"ಬೇಟಾ, ನಿಮ್ಮ ದೊಡ್ಡಿ ಮಣ್ಣು ಹತ್ತಾಣಿ ಅದ. ಕುರಿ ಮಂದಿ ಮನ್ಯಾಗ ಇಷ್ಟು ಛಲೋ ಮಣ್ಣು ಇಟ್ಕೊಂಡು ಸುಮ್ಮ ಕುಂತೀರಲ್ಲ!"

ಅಷ್ಟು ದಿನದಲ್ಲಿ ನಮ್ಮ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು. ಅವ್ವ ಮಾತ್ರ ನಂಬಲಿಲ್ಲ. ಅವರು ಇದ್ದಷ್ಟು ದಿನವೂ ಎರಡು ರೊಟ್ಟಿ ಹೆಚ್ಚಿಗೇ ಬಡಿದಳು.

೪. ಸ್ವಚ್ಛ ಡಬ್ಬಿ

ಆಮೇಲೆ ಊರು ತಣ್ಣಗಾಯಿತು, ಉಸ್ತಾದರು ಮನೆಗೆ ಮರಳಿದರು. ಆದರೆ ಅವರ ಕಾರ್ಖಾನೆಯ ಒಲೆ ಹೊತ್ತಲಿಲ್ಲ. ಹುಕ್ಕಾ, ಪಾನ್‌ದಾನ ಮಾಡಿಸುತ್ತಿದ್ದ ನವಾಬರ ದೊಡ್ಡ ದೇವಡಿ ಮನೆಗಳು ಬಾಗಿಲು ಹಾಕಿದ್ದವು. ಎರಡು ವರ್ಷ ಒಲೆ ಆರಿಯೇ ಇತ್ತು.

ಆಗ ಕೈಗಾರಿಕೆ ಇಲಾಖೆಯ ಸಾಹೇಬರೊಬ್ಬರು ಹೈದರಾಬಾದಿನಿಂದ ಬಂದು, ಲಂಡನ್ನಿನಲ್ಲಿ ಒಂದು ಪ್ರದರ್ಶನವಿದೆ, ಉಸ್ತಾದರು ಬರಬೇಕು ಎಂದರು. ನಾನು ಅದೇ ಇಲಾಖೆಯ ಬೀದರ್ ಕಚೇರಿಯಲ್ಲಿ ಗುಮಾಸ್ತ. ಇಂಗ್ಲಿಷ್ ಬರುತ್ತದೆ ಎಂದು ದುಭಾಷಿಯಾಗಿ ನನ್ನನ್ನೂ ಹಚ್ಚಿದರು. ಸಾಹೇಬರ ಮಾತು ಒಂದೇ: "ಜನರ ಕಣ್ಣೆದುರಿಗೇ ಕಪ್ಪು ಮಾಡಿ ತೋರಿಸಬೇಕು. ಇಲ್ಲದಿದ್ದರೆ ಬಣ್ಣ ಹಚ್ಚಿದ್ದಾರೆ ಅಂತಾರೆ, ಒಬ್ಬನೂ ಸಾಮಾನು ಕೇಳುವುದಿಲ್ಲ."

ಹೊರಡುವ ದಿನ ಉಸ್ತಾದರು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಅಲ್ಲಿ ಕರ್ರಗಾದ್ರ ಬಂದು ಒಲಿ ಹಚ್ತೇನಿ. ಆಗಲಿಲ್ಲಂದ್ರ ಉಳಿ ಸುತ್ತಿಗಿ ಮಾರಿ, ಅಳಿಯನ ಗಾಜಿನ ಬಳಿ ಅಂಗಡ್ಯಾಗ ಕುಂತು ಗಿರಾಕಿಗೆ ಬಳಿ ಇಡ್ತೇನಿ." ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಚಾಚಿ ಮಾವಿನ ಉಪ್ಪಿನಕಾಯಿ ತುಂಬಿದ ದೊಡ್ಡ ಭರಣಿ ಕೊಟ್ಟರು. ಬಾಯಿಗೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಅಂಗೈ ಮಂದದ ಮಣ್ಣು ಮೆತ್ತಿ, ಅದರ ಮೇಲೆ ಇನ್ನೊಂದು ಬಟ್ಟೆ ಹೊಲಿದಿದ್ದರು. ಹಡಗಿನಲ್ಲಿ ಬೇಯಿಸಿದ ಬಟಾಟೆ ತಿಂದು ತಿಂದು ನನ್ನ ನಾಲಿಗೆ ಸತ್ತುಹೋಗಿತ್ತು. ದಿನಕ್ಕೆ ಮೂರು ಸಲ ಆ ಭರಣಿ ನೋಡಿ ಬೇಡುತ್ತಿದ್ದೆ.

"ಕೆಲಸ ಗೆದ್ದ ಮ್ಯಾಲೇ ಒಡಿಯೋದು ಅಂತ ಹರಕಿ ಹೊತ್ತೀನಿ ಬೇಟಾ. ಸುಮ್ಮಿರು."

ಕೋಟೆಯ ಮಣ್ಣು ಬೇರೆ ಡಬ್ಬಿಯಲ್ಲಿತ್ತು. ನಮ್ಮ ಕೋಣೆ ಗುಡಿಸುವ ಹಡಗಿನ ಆಳು ಬಹಳ ಅಚ್ಚುಕಟ್ಟಿನ ಮನುಷ್ಯ. ಲಂಡನ್ ಮುಟ್ಟುವ ಹಿಂದಿನ ದಿನ ಅವನು ನಗುನಗುತ್ತ ಬಂದು ಡಬ್ಬಿಯನ್ನು ನಮ್ಮ ಕೈಗಿತ್ತ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಒಂದು ಕಣ ಮಣ್ಣಿರಲಿಲ್ಲ.

"ಕಸ ತುಂಬಿತ್ತು ಸರ್. ಸಮುದ್ರಕ್ಕೆ ಚೆಲ್ಲಿ, ಮೂರು ಸಲ ತೊಳೆದಿದ್ದೇನೆ," ಎಂದ.

ಉಸ್ತಾದರು ಬಹಳ ಹೊತ್ತು ಸಮುದ್ರ ನೋಡಿದರು. ಆಮೇಲೆ ಡಬ್ಬಿಯಲ್ಲಿ ತಮ್ಮ ಮುಖ ನೋಡಿಕೊಂಡು ಕೇಳಿದರು: "ಇಂವಗ ನಮ್ಮ ಮನಿ ಭಾಂಡೆ ಕೊಟ್ಟಿದ್ರ ನನ್ನ ಮಣ್ಣು ಎಷ್ಟು ಉಳೀತಿತ್ತು, ಅಲ್ಲ?"

೫. ಛತ್ರಿಯ ಮಾಸ್ತರರು

ನಾವು ಇಳಿದದ್ದು ಗುರುವಾರ. ಕಪ್ಪು ಮಾಡಿ ತೋರಿಸುವುದು ಸೋಮವಾರ. ನಡುವೆ ಮೂರು ದಿನ. ಸಾಹೇಬರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

"ಇದೂ ಬಾದಶಹರ ಊರೇ ಅಲ್ಲೇನು?" ಅಂದರು ಉಸ್ತಾದರು. "ಹಳೀ ಊರಾಗ ಬಿಸಿಲು ಕಾಣದ ಮಣ್ಣು ಎಲ್ಲರ ಇದ್ದೇ ಇರ್ತದ. ತೋರಸೋ ಮಂದಿ ಬೇಕು."

ನಾವು ಇಳಿದುಕೊಂಡ ಮನೆಯ ಬಾಗಿಲಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ಹಳೆಯ ಲಂಡನ್ನನ್ನು ಕಾಲ್ನಡಿಗೆಯಲ್ಲಿ ತೋರಿಸಲಾಗುವುದು. ಶನಿವಾರ ಬೆಳಿಗ್ಗೆ ಹೋಗಿ ನಿಂತೆವು. ತೋರಿಸುವವರು ನಿವೃತ್ತ ಸಾಲಿ ಮಾಸ್ತರರು; ಬಿಳಿ ಮೀಸೆ, ಕೈಯಲ್ಲಿ ಕಪ್ಪು ಛತ್ರಿ. ಆ ಛತ್ರಿ ಎತ್ತಿದರೆ ನಾವು ಹತ್ತು ಜನ ಹಿಂದೆ ನಡೆಯಬೇಕು, ಇಳಿಸಿದರೆ ನಿಲ್ಲಬೇಕು. ನನಗೆ ಬಗದಲ್ಲಿನ ನಮ್ಮ ಕುರಿಗಳು ನೆನಪಾದವು.

ಮೊದಲು ತೋರಿಸಿದ್ದು ನದಿ ದಂಡೆಯ ದೊಡ್ಡ ಗಡಿಯಾರದ ಗೋಪುರ. ಸುಳ್ಳು ಯಾಕೆ ಹೇಳಲಿ, ನಾನು ಬಾಯಿ ತೆರೆದು ನಿಂತುಬಿಟ್ಟೆ. ಬೀದರಿನಲ್ಲಿ ನಮ್ಮ ಚೌಬಾರದ ಬುರುಜಿಗಿಂತ ಎತ್ತರದ್ದು ಲೋಕದಲ್ಲಿ ಇರಲಾರದು ಎಂದುಕೊಂಡು ಬೆಳೆದವನು ನಾನು. ಅಷ್ಟರಲ್ಲಿ ಗಂಟೆ ಹೊಡೆಯಿತು. ಎದೆಯೊಳಗೇ ಹೊಡೆದಂತಾಯಿತು. ಉಸ್ತಾದರೂ ಟೊಪ್ಪಿಗೆ ಹಿಡಿದುಕೊಂಡು ಮೇಲೆ ನೋಡಿದರು.

"ಚೌಬಾರಕ್ಕ ದೊಡ್ಡಪ್ಪ ಆಗಬೇಕು ಇದು," ಅಂದರು. ಹಾಗೆ ಅನ್ನುತ್ತಲೇ ಬಗ್ಗಿ, ಗೋಡೆಬುಡದ ಮಣ್ಣು ಚಿಟಿಕೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡರು.

ಮಾಸ್ತರರ ಛತ್ರಿ ಅರ್ಧದಲ್ಲೇ ನಿಂತಿತು. "ಅವರಿಗೆ ಹಸಿವಾಗಿದೆಯೇ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ನಾನು ಬೆವರುತ್ತ ಎಲ್ಲ ವಿವರಿಸಿದೆ: ಬೀದರ್, ಕೋಟೆ, ಬೆಳ್ಳಿ, ಸಮುದ್ರಕ್ಕೆ ಬಿದ್ದ ಮಣ್ಣು, ಸೋಮವಾರ. ಮಾಸ್ತರರು ಪೂರ್ತಿ ಕೇಳಿ, ಗಂಭೀರವಾಗಿ ತಲೆದೂಗಿ, "ಹಾಗಾದರೆ ನಮ್ಮದು ಎಷ್ಟು?" ಎಂದರು.

"ಎರಡಾಣೆ. ಹದಿನಾರಕ್ಕೆ," ಎಂದೆ, ಉಸ್ತಾದರನ್ನು ಕೇಳಿಕೊಂಡು.

ಮಾಸ್ತರರ ಮುಖ ಚಿಕ್ಕದಾಯಿತು. ನಲವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟ ಮನುಷ್ಯ. ತಮ್ಮ ಊರೇ ನಪಾಸಾದದ್ದನ್ನು ನುಂಗಿಕೊಳ್ಳಲಾಗಲಿಲ್ಲ. "ಇದು ನಿನ್ನೆ ಮೊನ್ನೆಯ ಕಟ್ಟಡ. ಬನ್ನಿ, ಹಳೆಯದು ತೋರಿಸುತ್ತೇನೆ," ಎಂದು ಛತ್ರಿ ಎತ್ತಿ ಎಷ್ಟು ಜೋರಾಗಿ ನಡೆದರೆಂದರೆ, ಉಳಿದ ಎಂಟು ಜನ ಓಡಬೇಕಾಯಿತು.

೬. ಅರಮನೆಯ ಶಿಷ್ಯ

ದಾರಿಯಲ್ಲಿ ಅರಮನೆಯ ಪಹರೆಯವನೊಬ್ಬ ನಿಂತಿದ್ದ. ಕೆಂಪು ಅಂಗಿ, ತಲೆಯ ಮೇಲೆ ಕರಡಿ ಕೂದಲಿನ ಎತ್ತರದ ಟೊಪ್ಪಿಗೆ. ಏನು ಮಾಡಿದರೂ ಇವನು ಅಲುಗುವುದಿಲ್ಲ ಎಂದು ಮಾಸ್ತರರು ಹೇಳಿದರು. ಜನರೆಲ್ಲ ಅವನ ಟೊಪ್ಪಿಗೆ ನೋಡಿದರೆ ಉಸ್ತಾದರು ಅವನ ಕೈ ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಬೆಳ್ಳಿ ತಂತಿ ಕೂರಿಸುವವನ ಕೈ ಕೂದಲಷ್ಟು ಅಲುಗಿದರೂ ಗೆರೆ ಕೆಡುತ್ತದೆ. ಅಂಥ ಕೈಯ ಶಿಷ್ಯ ಸಿಗಲಿಲ್ಲ ಎಂಬುದು ಅವರ ಬಹಳ ದಿನದ ಕೊರಗು.

"ಬೇಟಾ, ಇವಗ ಹೇಳು. ಇಲ್ಲಿ ಕೆಲಸ ಬಿಟ್ರ ಸೀದಾ ಬೀದರಕ್ಕ ಬಾ ಅನ್ನು. ಮೂರು ವರ್ಷದಾಗ ಉಸ್ತಾದ್ ಮಾಡ್ತೇನಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅಲುಗಲಿಲ್ಲ.

"ಬೀದರ್ ಸ್ಟೇಷನ್ನಿಂದ ಟಾಂಗಾ ಸಿಗ್ತದ ಅಂತನೂ ಹೇಳು."

ಅದನ್ನೂ ಹೇಳಿದೆ. ಅವನ ಮೀಸೆ ಒಮ್ಮೆ ಅದುರಿತು. ಇಷ್ಟು ವರ್ಷದಲ್ಲಿ ಇಂಥದ್ದನ್ನು ನೋಡಿದ್ದು ಇದೇ ಮೊದಲು ಎಂದು ಮಾಸ್ತರರು ಹೇಳಿದರು. ಉಸ್ತಾದರು ಬೇಸರದಿಂದ ತಲೆಯಲ್ಲಾಡಿಸಿದರು. "ಬ್ಯಾಡ ಬಿಡು. ಅಲುಗಿದ."

೭. ಉಳಿದುಕೊಂಡ ಗುಮ್ಮಟ

ಆಮೇಲೆ ಸೇಂಟ್ ಪಾಲ್ ಚರ್ಚಿನ ಮುಂದೆ ಬಂದೆವು. ಅಲ್ಲಿ ನಾನು ನೋಡಿದ್ದನ್ನು ಮರೆಯುವುದು ಸಾಧ್ಯವಿಲ್ಲ. ಸುತ್ತಲೂ ಓಣಿಗೆ ಓಣಿಯೇ ಬಿದ್ದು ಹೋಗಿತ್ತು. ಗೋಡೆಗಳು ಅರ್ಧ, ಬಾಗಿಲುಗಳು ಬರಿದು, ಮನೆಗಳಿದ್ದ ಕಡೆ ಹುಲ್ಲು. ಅದರ ನಟ್ಟನಡುವೆ ಆ ಭಾರಿ ಗುಮ್ಮಟ ಒಂದೇ ನಿಂತಿತ್ತು.

ಉಸ್ತಾದರು ಗಪ್ಪನೆ ನನ್ನ ಕೈ ಹಿಡಿದರು. "ಇಲ್ಲೂ ಪೊಲೀಸ್ ಆ್ಯಕ್ಷನ್ ಆಗಿತ್ತೇನು ಬೇಟಾ?"

ನಾನು ಮಾಸ್ತರರನ್ನು ಕೇಳಿ ತಿಳಿಸಿದೆ. ಯುದ್ಧದಲ್ಲಿ ವಿಮಾನಗಳಿಂದ ಬೆಂಕಿ ಸುರಿದರಂತೆ. ಊರಿನ ಸಾಧಾರಣ ಮಂದಿ ಚಾವಣಿ ಹತ್ತಿ ನಿಂತು, ಬೆಂಕಿ ಬಿದ್ದಲ್ಲೆಲ್ಲ ನೀರು ಹಾಕಿ, ಬಕೀಟಿನಿಂದ ಮರಳು ಸುರಿದು ಆರಿಸಿ, ಈ ಚರ್ಚನ್ನು ಉಳಿಸಿಕೊಂಡರಂತೆ.

"ಮರಳಿಲೆ!" ಅಂದರು ಉಸ್ತಾದರು. ಅವರ ಕಣ್ಣು ತುಂಬಿದ್ದವು. "ನೋಡಿದೇನು? ಕಡೀಗೆ ಮಣ್ಣೇ ಉಳಸ್ಯದ."

ಉಣ್ಣೆ ಗಂಟಿನ ಕೆಳಗೆ ಮಲಗಿ ಬಂದ ಮನುಷ್ಯ ಇಷ್ಟು ದೂರ ಬಂದು, ಬೇರೆ ಯಾರದೋ ಬಿದ್ದ ಮನೆಗಳಿಗೆ ಅಳುತ್ತಿದ್ದರು. ಅವರ ಬಗ್ಗೆ ನನಗೆ ಆವತ್ತು ಹುಟ್ಟಿದ ಗೌರವ ಆ ಗುಮ್ಮಟದಷ್ಟೇ ದೊಡ್ಡದು.

ಅವರು ಮೆಲ್ಲಗೆ ಮೊಣಕಾಲೂರಿ ಬಗ್ಗಿದರು. ನಮ್ಮ ಗುಂಪಿನ ಒಬ್ಬ ಅಜ್ಜಿ, ಇವರು ನೆಲಕ್ಕೆ ಮುತ್ತಿಡುತ್ತಿದ್ದಾರೆ ಎಂದುಕೊಂಡಳು. ಬಿಕ್ಕುತ್ತ ಬಂದು ಅವರ ಎರಡೂ ಕೈ ಹಿಡಿದು, "ಇಷ್ಟು ದೂರದವರು ನಮ್ಮ ಚರ್ಚನ್ನು ಇಷ್ಟು ಪ್ರೀತಿಸುತ್ತೀರಲ್ಲ!" ಎಂದಳು.

ಉಸ್ತಾದರು ಬಾಯಲ್ಲಿದ್ದದ್ದನ್ನು ಉಗುಳುವ ಹಾಗಿರಲಿಲ್ಲ. ನುಂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಐದಾಣಿ. ಬೂದಿ ಭಾಳ ಅದ. ಈ ಅಮ್ಮಗ ಕೇಳು, ಇವರ ಮನಿಗೆ ನೆಲಮಾಳಿಗಿ ಅದ ಏನು?" ಅಂದರು.

೮. ಫಸ್ಟ್ ಕ್ಲಾಸ್

ಭಾನುವಾರ ಮಾಸ್ತರರು ತಮ್ಮ ನಡಿಗೆಯ ದಾರಿಯನ್ನೇ ಬದಲಾಯಿಸಿಬಿಟ್ಟರು. ರಾಜರು, ರಾಣಿಯರು, ಕವಿಗಳು, ಎಲ್ಲವನ್ನೂ ಕೈಬಿಟ್ಟರು. "ಇಂದು ನಾವು ಬಿಸಿಲು ಮಳೆ ಬೀಳದ ಜಾಗಗಳನ್ನು ನೋಡೋಣ," ಎಂದರು. ಬಂದವರು ಮುಖ ಮುಖ ನೋಡಿಕೊಂಡರು. ಆದರೂ ಒಬ್ಬರೂ ವಾಪಸು ಹೋಗಲಿಲ್ಲ.

ಲಂಡನ್ನಿನಲ್ಲಿ ಎಷ್ಟು ಕತ್ತಲೆ ಮೂಲೆಗಳಿವೆ ಎಂಬುದು ಅಲ್ಲಿಯವರಿಗೇ ಗೊತ್ತಿರಲಿಕ್ಕಿಲ್ಲ. ಸೇತುವೆಯ ಅಡಿ ಮೂರಾಣೆ. ಹಳೆಯ ಕುದುರೆ ಲಾಯ ಎಂಟಾಣೆ. ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ನದಿಯ ಬದಿಯ ಭಾರಿ ಕೋಟೆಯ ಹತ್ತಿರ ಒಂದು ಮುರಿದ ಕಮಾನಿನ ಕೆಳಗೆ ಕರೆದೊಯ್ದರು. ಮೊದಲು ಎದುರಿಗಿದ್ದ ಆ ಕೋಟೆಯನ್ನು ನೋಡಿ ನಾವಿಬ್ಬರೂ ನಿಂತೆವು. ಬಿಳಿ ಕಲ್ಲಿನ ಗೋಡೆ, ನಾಲ್ಕು ಮೂಲೆಗೆ ನಾಲ್ಕು ಬುರುಜು, ಸುತ್ತ ಕಂದಕ. ನಮ್ಮ ಬೀದರ್ ಕೋಟೆಯ ಕಂದಕ ಮೂರು ಸಾಲಿನದು ಎಂದು ಮಾಸ್ತರರಿಗೆ ಹೇಳದೆ ನನ್ನಿಂದ ಇರಲಾಗಲಿಲ್ಲ. ಅವರು ಟಿಪ್ಪಣಿ ಬರೆದುಕೊಂಡರು.

ಉಸ್ತಾದರು ಕಮಾನಿನ ಕೆಳಗೆ ಕೂತು ರುಚಿ ನೋಡುತ್ತಿರುವಾಗಲೇ ಪೊಲೀಸಿನವನೊಬ್ಬ ಬಂದ. ನಾನು ಮಾಸ್ತರರ ಬೆನ್ನ ಹಿಂದೆ ಸರಿದೆ.

"ಇವರು ಏನು ಮಾಡುತ್ತಿದ್ದಾರೆ?"

"ಪರೀಕ್ಷೆ ನಡೆಯುತ್ತಿದೆ, ಸದ್ದು ಮಾಡಬೇಡಿ," ಎಂದರು ಮಾಸ್ತರರು, ಸಾಲಿಯ ದನಿಯಲ್ಲಿ. ಪೊಲೀಸಿನವನು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡ.

ಉಸ್ತಾದರು ಕಣ್ಣು ತೆರೆದರು. "ಹನ್ನೊಂದಾಣಿ."

ನಾನು ಹೇಳಿದ್ದೇ ತಡ, ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕಿ, "ಹದಿನಾರಕ್ಕೆ ಹನ್ನೊಂದು! ಫಸ್ಟ್ ಕ್ಲಾಸ್!" ಎಂದು ಛತ್ರಿಯನ್ನು ಗಾಳಿಗೆ ಎಸೆದರು. ಪೊಲೀಸಿನವನು ಉಸ್ತಾದರ ಕೈ ಕುಲುಕಿದ. ಹೊಳೆಯುವ ನಮ್ಮ ಡಬ್ಬಿಗೆ ಆ ಮಣ್ಣು ತುಂಬಿಕೊಟ್ಟವನೂ ಅವನೇ.

ಆದರೆ ಸತುವಿಗೆ ಫಸ್ಟ್ ಕ್ಲಾಸ್ ಸಾಲದು. ಮಧ್ಯಾಹ್ನ ಬಿಡಾರದ ಅಡುಗೆಮನೆಯಲ್ಲಿ ಒಂದು ತುಂಡು ಅದ್ದಿ ನೋಡಿದೆವು. ಇಲಿಯ ಬಣ್ಣ ಬಂತು. ಇನ್ನೊಮ್ಮೆ ಕುದಿಸಿದೆವು. ಇನ್ನೊಂದು ಇಲಿ ಬಂತು.

೯. ಭರಣಿಯ ಬಾಯಿ

ಸೋಮವಾರ ಬೆಳಿಗ್ಗೆ ಪ್ರದರ್ಶನದ ಹಾಲಿನಲ್ಲಿ ನಮ್ಮ ಮೇಜಿನ ಹಿಂದೆ ಕೂತಿದ್ದೆವು. ಸಾಹೇಬರು ಹೊಸ ಸೂಟು ಹಾಕಿಕೊಂಡು ಅತ್ತಿತ್ತ ಓಡಾಡುತ್ತಿದ್ದರು. ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು. ಮಾಸ್ತರರು ತಮ್ಮ ನಡಿಗೆಯ ಮಂದಿಯನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಚರ್ಚಿನ ಅಜ್ಜಿಯೂ ಇದ್ದಳು. ಇನ್ನು ಅರ್ಧ ಗಂಟೆ ಉಳಿದಿತ್ತು.

ಉಸ್ತಾದರು ಚೀಲದಿಂದ ಭರಣಿ ಹೊರಗೆ ತೆಗೆದರು. "ಒಡಿ ಬೇಟಾ. ಸೋತೀವಿ. ಹರಕಿ ಸಾಕು. ಆಕೀ ಕೈ ರುಚಿ ನೋಡಿ, ಸಾಹೇಬರಿಗೆ ಹೇಳಿಬಿಡೂಣು." ಸುತ್ತಿಗೆ ಅವರ ಕೈಯಲ್ಲೇ ಇತ್ತು. ಮೇಲಿನ ಬಟ್ಟೆಯ ಹೊಲಿಗೆ ಬಿಚ್ಚಿ, ಬೆಳ್ಳಿ ಕೂರಿಸುವ ಆ ಸಣ್ಣ ಸುತ್ತಿಗೆಯಿಂದಲೇ ಭರಣಿಯ ಬಾಯಿಯ ಮಣ್ಣನ್ನು ಕುಟ್ಟಿದರು. ಮಣ್ಣು ಹೆಂಟೆ ಹೆಂಟೆಯಾಗಿ ಬಿರಿದು ಬಂತು. ಬೆರಳಿಗೆ ಹತ್ತಿದ್ದನ್ನು ಅಭ್ಯಾಸಬಲದಿಂದ ಬಾಯಿಗಿಟ್ಟುಕೊಂಡರು.

ಅವರ ಕಣ್ಣು ಮುಚ್ಚಿದವು. ಬಹಳ ಹೊತ್ತು ತೆರೆಯಲಿಲ್ಲ. ನನಗೆ ಗಾಬರಿಯಾಗಿ ಭುಜ ಅಲುಗಿಸಿದೆ.

"ಹದಿನಾರಾಣಿ," ಅಂದರು. "ಬೇಟಾ, ಪೂರಾ ಹದಿನಾರಾಣಿ! ಆಕಿ ನನ್ನ ಮಡಕಿ ಮಣ್ಣು ತಗೊಂಡಾಳ! ನಾ ಬಯ್ಕೋತ ಇದ್ದೆ, ಆಕಿ ತಗೋತನೇ ಇದ್ಲು!" ಆ ಮನುಷ್ಯ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ.

ನಾನು ಕೊರಳಿನ ಮಫ್ಲರ್ ಬಿಚ್ಚಿ ಹಾಸಿದೆ. ಹೆಂಟೆ ಒಡೆದೆವು, ಪುಡಿ ಮಾಡಿದೆವು, ನವಸಾಗರ ಹಾಕಿದೆವು. ಗಂಟೆಗೆ ಸರಿಯಾಗಿ ಮಣ್ಣು ಬೆರೆತ ನೀರು ಕುದಿಯಿತು. ಉಸ್ತಾದರು ಬೂದು ಹೂಜಿಯನ್ನು ಬಿಸ್ಮಿಲ್ಲಾ ಎಂದು ಅದ್ದಿ ಎತ್ತಿದರು. ಸತು ಕಪ್ಪಾಗಿತ್ತು, ಅಮಾವಾಸ್ಯೆಯ ಆಕಾಶದಷ್ಟು ಕಪ್ಪು. ಬೆಳ್ಳಿಯ ಹೂಬಳ್ಳಿ ಒಂದೊಂದೂ ಈಗಷ್ಟೇ ಅರಳಿದಂತೆ ಅದರ ಮೇಲೆ ನಿಂತಿತ್ತು. ಗಡಿಯಾರದ ಗೋಪುರ ನೋಡಿ ನಾವು ಹೇಗೆ ನಿಂತಿದ್ದೆವೋ ಲಂಡನ್ನಿನ ಮಂದಿ ಹಾಗೆ ನಿಂತಿದ್ದರು. ಆಮೇಲೆ ಎದ್ದ ಚಪ್ಪಾಳೆಗೆ ಸಾಹೇಬರು ತಾವೇ ಎರಡು ಸಲ ಬಗ್ಗಿ ನಮಸ್ಕರಿಸಿದರು. ಸಾಮಾನು ಬೇಕೆನ್ನುವವರ ಹೆಸರು ಬರೆದುಕೊಂಡು ನನ್ನ ಕೈ ಸೋತಿತು. ಉಸ್ತಾದರು ನನ್ನ ಕಿವಿಯಲ್ಲಿ, "ಒಲಿ ಹಚ್ಚೂಣು ಬೇಟಾ," ಎಂದು ಒಂದೇ ಮಾತು ಹೇಳಿದರು.

ಇದೆಲ್ಲದರ ನಡುವೆ ಮಾಸ್ತರರು ಮೇಜಿನ ಹತ್ತಿರ ಬಂದಿದ್ದರು. ಹದಿನಾರಾಣೆ ಎಂದರೆ ಹೇಗಿರುತ್ತದೆ ಎಂದು ತಿಳಿಯುವ ಆಸೆ. ಭರಣಿಯ ಕಂಠಕ್ಕೆ ಅಂಟಿದ್ದ ಒಂದು ಹೆಂಟೆ ಎತ್ತಿ ನಾಲಿಗೆಯ ಮೇಲಿಟ್ಟುಕೊಂಡರು. ಆ ಹೆಂಟೆಗೆ ಚಾಚಿಯ ಉಪ್ಪಿನಕಾಯಿಯ ಖಾರದೆಣ್ಣೆ ಹತ್ತಿತ್ತು. ಅವರ ಮುಖ ಪಹರೆಯವನ ಅಂಗಿಯ ಬಣ್ಣಕ್ಕೆ ತಿರುಗಿತು. ಮೂರು ಗ್ಲಾಸು ನೀರು ಕುಡಿದು, ಕಣ್ಣೊರೆಸಿಕೊಂಡು, ಭಕ್ತಿಯಿಂದ ಹೇಳಿದರು:

"ಒಪ್ಪಿದೆ.  ನಮ್ಮ ಊರಿನ ಮಣ್ಣಿಗೆ ಈ ಶಕ್ತಿ ಇಲ್ಲ."

೧೦. ಲಂಡನ್ನಿನ ಉಡುಗೊರೆ

ಬೀದರಿಗೆ ಮರಳಿದ ದಿನ ಉಸ್ತಾದರ ಅಂಗಳದಲ್ಲಿ ಓಣಿಯೇ ಸೇರಿತ್ತು. ನನ್ನ ಅಪ್ಪ, ಅವ್ವ ಬಗದಲ್ಲಿನಿಂದ ಬಂದಿದ್ದರು. ಲಂಡನ್ನಿನಿಂದ ಬೀಬಿಗೆ ಏನು ತಂದಿದ್ದಾರೆ ಎಂಬುದೇ ಎಲ್ಲರ ಪ್ರಶ್ನೆ. ರೇಷ್ಮೆ ಎಂದು ಒಬ್ಬಳು, ಕೈಗಡಿಯಾರ ಎಂದು ಇನ್ನೊಬ್ಬಳು.

ದಾರಿಯುದ್ದಕ್ಕೂ ಉಸ್ತಾದರು ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದರು: ಮಣ್ಣು ಚೆಲ್ಲಿಹೋದದ್ದು, ಭರಣಿಯ ಬಾಯಿ ಒಡೆದದ್ದು, ಲಂಡನ್ನಿನ ಮಣ್ಣು ನೆಕ್ಕಿದ್ದು, ಒಂದನ್ನೂ ಚಾಚಿಯ ಮುಂದೆ ಬಾಯಿ ಬಿಡಬಾರದು. ತಿಳಿದರೆ ಮೂವತ್ತು ವರ್ಷದ ಜಗಳ ಒಂದೇ ದಿನದಲ್ಲಿ ಸೋತಂತೆ. ನಾನು ಬಿಡಲಿಲ್ಲ. ಅವರೂ ಬಿಡಲಿಲ್ಲ.

ಅವರು ಪೆಟ್ಟಿಗೆ ತೆರೆದು, ಹೊಳೆಯುವ ಆ ಡಬ್ಬಿಯನ್ನು ಹೊರಗೆ ತೆಗೆದು ಚಾಚಿಯ ಮುಂದೆ ಇಟ್ಟರು. ಚಾಚಿ ಮುಚ್ಚಳ ತೆಗೆದರು. ಹೆಂಗಸರೆಲ್ಲ ಬಗ್ಗಿ ನೋಡಿದರು. ಮಣ್ಣು.

"ಬಾದಶಹರ ಊರಿಂದ ತಂದೀನಿ," ಅಂದರು ಉಸ್ತಾದರು, ಗಂಟಲು ಸರಿಮಾಡಿಕೊಂಡು. "ಇನ್ಮ್ಯಾಲೆ ಇದರಲೆ ಭಾಂಡೆ ತಿಕ್ಕು. ನನ್ನ ಮಡಕಿಗೆ ಕೈ ಹಾಕಬ್ಯಾಡ."

ಚಾಚಿ ಡಬ್ಬಿಯೊಳಗೆ ಎರಡು ಬೆರಳು ಹಾಕಿ ಚಿಟಿಕೆ ಮಣ್ಣು ತೆಗೆದರು. ನಾಲಿಗೆಯ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಪಕ್ಕಕ್ಕೆ ತಿರುಗಿ ಉಗುಳಿದರು.

"ಹನ್ನೊಂದಾಣಿ," ಅಂದರು.

ಗಡಿಯಾರದ ಗೋಪುರ ನೋಡಿದಾಗಲೂ, ಗುಮ್ಮಟ ನೋಡಿದಾಗಲೂ ಉಸ್ತಾದರ ಬಾಯಿ ಅಷ್ಟು ತೆರೆದದ್ದನ್ನು ನಾನು ನೋಡಿರಲಿಲ್ಲ. ಅವರು ಹೊರಸಿನ ಮೇಲೆ ಕುಸಿದು ಕೂತು, "ಯಾರು ಕಲಿಸ್ಯಾರ ನಿನಗ?" ಎಂದರು.

"ಕಲಿಸೋದೇನದ? ನೀವು ತಂದಿಟ್ಟಿದ್ರಾಗ ಛಲೋದು ಯಾವುದು ಅಂತ ಮೂವತ್ತು ವರ್ಷ ನೋಡಿ ನೋಡಿನೇ ತಗೊಂಡೀನಿ." ಚಾಚಿ ಡಬ್ಬಿಗೆ ಮುಚ್ಚಳ ಹಾಕಿ ಅವರ ಮಡಿಲಲ್ಲಿಟ್ಟರು. "ಇದು ನಿಮ್ಮ ಕಾರ್ಖಾನಿಗೆ ಇಟ್ಕೋರಿ. ನನ್ನ ಭಾಂಡೆಗೆ ಹದಿನಾರಾಣೀದೇ ಬೇಕು."